ಮೇಸ್ತ್ರಿ ಮುಚ್ಚಿದ ಬಿರುಕು

ಹೊಲಿಗೆ ಯಂತ್ರದ ಹಿಂದಿನ ಗೋಡೆಯಲ್ಲಿ ಬಿರುಕನ್ನು ಮೊದಲು ಕಂಡವಳು ಸೊಸೆ. ಕೈತಪ್ಪಿ ಬಿದ್ದ ಬಾಬಿನ್ ಹುಡುಕಲು ಬಗ್ಗಿದಾಗ, ನೆಲದಿಂದ ಹೊರಟು ಕಿಟಕಿಯ ಮೂಲೆಯವರೆಗೆ ಓರೆಯಾಗಿ ಹತ್ತಿದ ಒಂದು ಗೆರೆ ಕಣ್ಣಿಗೆ ಬಿತ್ತು. ಕಪ್ಪು ನೂಲು ಅಂಟಿಕೊಂಡಿರಬೇಕೆಂದು ಉಗುರಿನಿಂದ ಎಳೆಯಲು ಹೋದಳು. ಬರಲಿಲ್ಲ. ಸೂಜಿ ತಂದು ತೂರಿಸಿ ನೋಡಿದಳು. ಸೂಜಿ ಅರ್ಧದವರೆಗೆ ಒಳಗೆ ಹೋಯಿತು.

ಹೋದ ವರ್ಷವಾಗಿದ್ದರೆ ಕಂಡೂ ಕಾಣದವಳಂತೆ ಹೊಲಿಗೆಗೆ ಕೂರುತ್ತಿದ್ದಳು. ಹಳೆಯ ಮನೆ ಎಂದ ಮೇಲೆ ಗೀರು ಗಾಯ ಇದ್ದದ್ದೇ. ಆದರೆ ಹೋದ ಮಳೆಗಾಲದಲ್ಲಿ ಗುಡ್ಡದ ಆಚೆ ಮಗ್ಗುಲು ಜಾರಿ, ಎರಡು ಮನೆ, ಒಂದು ಕೊಟ್ಟಿಗೆ ನುಂಗಿ, ರಸ್ತೆಯನ್ನೂ ಎಳೆದುಕೊಂಡು ಕೆಳಗಿಳಿದಿತ್ತು. ಮೂವರು ಮಣ್ಣಿನಡಿಯಿಂದ ಬರಲೇ ಇಲ್ಲ. ಈ ಸಲ ಈಚೆ ಮಗ್ಗುಲನ್ನೂ ನಂಬುವ ಹಾಗಿಲ್ಲವೆಂದು ಹಿಂದಿನ ದಿನವಷ್ಟೇ ಶಾಲೆಯಲ್ಲಿ ಸಭೆ ಕರೆದು ಹೇಳಿದ್ದರು. ಮಳೆಗೆ ಇನ್ನು ಆರು ವಾರ. ಅಲ್ಲಿಯವರೆಗೆ ಪ್ರತಿ ಮನೆಯವರೂ ನೋಡುತ್ತಿರಬೇಕು: ಗೋಡೆ ಬಿರುಕು ಬಿಡುತ್ತದೆಯೇ, ಬಾಗಿಲು ಬಿಗಿಯುತ್ತದೆಯೇ, ಕಂಬ ವಾಲುತ್ತದೆಯೇ. ಐದನೆಯ ವಾರ ಇಂಜಿನಿಯರ್ ಬರುತ್ತಾರೆ. ಅಪಾಯ ಕಣ್ಣಿಗೆ ಕಂಡ ಮನೆಗಳ ಪಟ್ಟಿಯಾಗುತ್ತದೆ. ಪಟ್ಟಿಯಲ್ಲಿದ್ದವರಿಗೆ ಕೆಳಗಿನ ಬಯಲಿನ ಹಳೇ ಗೋದಾಮಿನಲ್ಲಿ ಮಳೆಗಾಲ ಮುಗಿಯುವವರೆಗೆ ಕೋಣೆ. ಪಟ್ಟಿಯಲ್ಲಿಲ್ಲದವರು ತಮ್ಮ ತಮ್ಮ ಮನೆಯಲ್ಲೇ.

ಸೊಸೆ ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಒಂದೇ ಲೆಕ್ಕ ಹಾಕಿದ್ದಳು. ಅವರ ಬೀದಿಯಿಂದ ರಸ್ತೆಗೆ ಎಪ್ಪತ್ತೆರಡು ಮೆಟ್ಟಿಲು. ಅತ್ತೆಯ ಮೊಣಕಾಲಿಗೆ ಆ ಮೆಟ್ಟಿಲು ಇಳಿಯಲು, ಒಲೆ ಮೇಲಿಟ್ಟ ಅನ್ನ ಬೇಯುವಷ್ಟು ಹೊತ್ತು ಬೇಕು. ಗುಡ್ಡ ಅಷ್ಟು ಹೊತ್ತು ಕಾಯುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ವಿಷಯ ಎತ್ತಿದಳು.

“ಗೋಡೆ ಬಿರುಕು ಬಿಟ್ಟಿದೆ ಮಾವ.”

“ಯಾವ ಗೋಡೆ?”

“ಮಿಷನ್ ಹಿಂದಿಂದು.”

“ಅದು ಬಿರುಕಲ್ಲ. ಬಿಸಿಲಿಗೆ ಗಾರೆ ಉಸಿರು ಬಿಡುತ್ತೆ.”

“ಸೂಜಿ ಹೋಯ್ತು.”

“ನೀನು ಟೈಲರು. ಕಂಡಕಂಡಲ್ಲಿ ಸೂಜಿ ಚುಚ್ತೀಯ. ಬಟ್ಟೆಗೆ ಚುಚ್ಚು, ನನ್ನ ಗೋಡೆಗಲ್ಲ.”

“ಗೋಡೆ ಅಮ್ಮಾ ಅಂತ ಕಿರುಚಲಿಲ್ವಲ್ಲ, ಬಿಡಿ,” ಎಂದು ಅತ್ತೆ ಮಜ್ಜಿಗೆ ಬಡಿಸಿದರು.

ಸೊಸೆಯ ಮಗಳು, ಕಾಲೇಜಿನ ಮೊದಲ ವರ್ಷದವಳು, ತಟ್ಟೆಯಿಂದ ತಲೆ ಎತ್ತದೆ ಹೇಳಿದಳು, “ಆಚೆ ಮಗ್ಗುಲಲ್ಲೂ ಹೀಗೇ ಶುರುವಾಗಿದ್ದಂತೆ ತಾತ.”

“ಆಚೆ ಮಗ್ಗುಲಿನ ಮನೆ ಕಟ್ಟಿದ್ದು ನಾನಲ್ಲ,” ಎಂದರು ಮಾವ.

ಮಾವ ಗಾರೆ ಕೆಲಸದ ಮೇಸ್ತ್ರಿ. ವಯಸ್ಸು ಎಪ್ಪತ್ತು ದಾಟಿತ್ತು, ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಆದರೂ ಊರವರ ಬಾಯಲ್ಲಿ ಅವರು ಇಂದಿಗೂ ಮೇಸ್ತ್ರಿಯೇ. ವಾರದ ಆರು ದಿನ ಊರವರ ಗೋಡೆ ಎಬ್ಬಿಸಿ, ಏಳನೆಯ ದಿನ ತಮ್ಮ ಗೋಡೆ ಎಬ್ಬಿಸಿ, ಹನ್ನೆರಡು ವರ್ಷಕ್ಕೆ ಮುಗಿಸಿದ ಮನೆ ಅದು. ಬೀದಿಯ ಉಳಿದ ಹತ್ತು ಮನೆಗಳಿಗೂ ಅವರದೇ ಕೈ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಒಂದು ಕ್ಯಾಲೆಂಡರ್ ನೇತುಹಾಕಲು ಮೊಳೆ ಹೊಡೆದದ್ದಕ್ಕೆ, ಮಾವ ಎರಡು ದಿನ ಅವಳ ಕೈಯ ಕಾಫಿ ಕುಡಿದಿರಲಿಲ್ಲ.

ಅಂದು ಸಂಜೆ ಅವಳು ಬಿರುಕಿನ ಅಡ್ಡಕ್ಕೆ ಪೆನ್ಸಿಲಿನಿಂದ ಎರಡು ಗುರುತು ಹಾಕಿದಳು. ಟೇಪು ಹಿಡಿದು ನೋಡಿದರೆ ಒಂದು ಮಿಲಿಮೀಟರೂ ಇಲ್ಲ. ಮಗಳು ಫೋನಿನಲ್ಲಿ ಒಂದು ಫೋಟೋ ತೆಗೆದಳು. ಸೊಸೆ ತನ್ನ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ, ತೋಳು ಇಷ್ಟು ಕೊರಳು ಇಷ್ಟು ಎಂದು ಬರೆಯುವ ಹಾಗೆಯೇ, ತಾರೀಖು ಹಾಕಿ ‘ಗೋಡೆ: ಒಂದಕ್ಕಿಂತ ಕಡಿಮೆ’ ಎಂದು ಬರೆದುಕೊಂಡಳು.

ಸಭೆಯಲ್ಲಿ ಇನ್ನೊಂದು ಮಾತೂ ಹೇಳಿದ್ದರು. ಹೊರಡಬೇಕಾಗಿ ಬಂದರೆ ಹುಡುಕುತ್ತ ಕೂರಬಾರದು. ಕಾಗದಪತ್ರ, ಔಷಧಿ, ಟಾರ್ಚು, ಹಗ್ಗ, ಒಂದೊಂದು ಜೊತೆ ಬಟ್ಟೆ ಎಲ್ಲ ಒಂದು ಚೀಲದಲ್ಲಿ ಬಾಗಿಲ ಬಳಿ ಸಿದ್ಧವಿರಬೇಕು. ಸೊಸೆ ದಪ್ಪ ಬಟ್ಟೆಯಲ್ಲಿ ಎರಡು ಹೊಲಿಗೆ ಹಾಕಿ ಒಂದು ಚೀಲವನ್ನೇ ಹೊಲಿದಳು. ಅದು ಬಾಗಿಲ ಹಿಂದೆ ನೇತಾಡುತ್ತಿದ್ದುದನ್ನು ಕಂಡು ಮಾವ ಮುಖ ಕಿವುಚಿದರು.

“ಗಂಟುಮೂಟೆ ಕಟ್ಟಿ ಬಾಗಿಲಲ್ಲಿ ಇಟ್ಟರೆ ಮನೆ ಏನಂದ್ಕೊಳ್ಳುತ್ತೆ?”

“ಮನೆ ಏನೂ ಅಂದ್ಕೊಳ್ಳಲ್ಲ ಮಾವ. ಇರಲಿ ಅಂತ.”

“ಬಂದ ನೆಂಟರು ಅಂದ್ಕೋತಾರೆ. ಸೊಸೆ ತವರಿಗೆ ಹೊರಟಿದಾಳೆ ಅಂತ.”

ಚೀಲವೇನೋ ಬಾಗಿಲಲ್ಲಿ ಉಳಿಯಿತು, ಒಳಗಿನದು ಉಳಿಯಲಿಲ್ಲ. ಅತ್ತೆ ಬೆಳಿಗ್ಗೆ ಮೊಣಕಾಲಿನ ಮಾತ್ರೆ ತೆಗೆದುಕೊಂಡವರು ಡಬ್ಬಿಯನ್ನು ಅಡುಗೆಮನೆ ಗೂಡಿನಲ್ಲೇ ಇಡುತ್ತಿದ್ದರು. ಟಾರ್ಚಿನ ಸೆಲ್ಲುಗಳು ಮೂರನೇ ದಿನಕ್ಕೆ ಗೋಡೆ ಗಡಿಯಾರಕ್ಕೆ ವಲಸೆ ಹೋದವು. ಗಂಡ ಹಾಲಿನ ವ್ಯಾನು ಓಡಿಸುವವನು. ಕ್ರೇಟು ಕಟ್ಟಲು ಹಗ್ಗ ಸಾಲದೆಂದು ಚೀಲದ ಹಗ್ಗವನ್ನೇ ಒಯ್ದ. ಸೊಸೆ ಪ್ರತಿ ಭಾನುವಾರ ಎಲ್ಲವನ್ನೂ ಹೆಕ್ಕಿ ತಂದು ಮತ್ತೆ ತುಂಬುವಳು.

“ಇದು ಚೀಲಾನೋ ಧರ್ಮಛತ್ರಾನೋ? ಬಂದಿದ್ದೆಲ್ಲ ಎದ್ದು ಹೋಗುತ್ತೆ,” ಎಂದು ಮಗಳು ನಗುವಳು.

ಎರಡನೆಯ ವಾರ ಸೊಸೆ ಶಾಲೆ ಸಮವಸ್ತ್ರಗಳ ಕಟ್ಟು ಹೊತ್ತು ಕೆಳಗೆ ಕೊಟ್ಟು ಬರಲು ಹೋಗಿದ್ದಳು. ಹಿಂದಿರುಗಿದಾಗ ಯಂತ್ರ ಒಂದು ಮೊಳ ಈಚೆಗೆ ಸರಿದಿತ್ತು. ಗೋಡೆಯ ಮೇಲೆ ಬಿರುಕೂ ಇರಲಿಲ್ಲ, ಪೆನ್ಸಿಲ್ ಗುರುತೂ ಇರಲಿಲ್ಲ. ಒದ್ದೆ ಗಾರೆಯ ಪಟ್ಟಿಯೊಂದು, ಹೊಸ ಬಟ್ಟೆಗೆ ಇಸ್ತ್ರಿ ಹಾಕಿದಷ್ಟು ನುಣುಪಾಗಿ, ನೆಲದಿಂದ ಕಿಟಕಿಗೆ ಹತ್ತಿತ್ತು. ಮಾವ ಹಿತ್ತಲಲ್ಲಿ ಕರಣೆ ತೊಳೆಯುತ್ತಿದ್ದರು.

“ಅಳತೆ ನೋಡ್ಬೇಕಿತ್ತಲ್ಲ ಮಾವ! ಯಾಕೆ ಮುಚ್ಚಿದ್ರಿ?”

“ಇನ್ನೇನು ಮಾಡ್ಬೇಕು? ನಾನು ಬದುಕಿರುವಾಗಲೇ ನನ್ನ ಗೋಡೆ ಬಾಯಿ ಬಿಟ್ಕೊಂಡು ನಿಂತಿರ್ಬೇಕಾ?”

“ಇಂಜಿನಿಯರ್ ಬಂದಾಗ ಏನು ತೋರಿಸೋದು?”

“ಬಂದವರಿಗೆ ತೋರಿಸೋಕೆ ಮನೇಲಿ ಬೇರೆ ಏನೂ ಇಲ್ವಾ? ಹರುಕು ತೋರಿಸಿ ಕೋಣೆ ಬೇಡೋ ಗತಿ ನನಗೆ ಬಂದಿಲ್ಲ ತಾಯಿ.”

ಅವಳು ಆಗಷ್ಟೇ ಕೆಲಸದಿಂದ ಬಂದ ಗಂಡನ ಕಡೆ ನೋಡಿದಳು. ಅವನು ಬೂಟು ಬಿಚ್ಚುವುದರಲ್ಲಿ ಬಹಳ ಮಗ್ನನಾಗಿದ್ದ. ಒಳಗೆ ಬಂದ ಮೇಲೆ ಮೆಲ್ಲಗೆ, “ನೀನೇ ಇನ್ನೊಂದು ಸಲ ಹೇಳಿ ನೋಡು. ನಾನು ಹೇಳಿದ್ರೆ ಅಪ್ಪನಿಗೆ ಇನ್ನಷ್ಟು ಹಟ ಬರುತ್ತೆ,” ಎಂದ.

“ನಲವತ್ತೈದು ವರ್ಷದಲ್ಲಿ ಒಂದು ಸಲ ಹೇಳಿದ್ದೀರಾ? ಹಟ ಬರುತ್ತೋ ಇಲ್ವೋ ನಿಮಗೆ ಹೇಗೆ ಗೊತ್ತು?”

ಊಟದ ಹೊತ್ತಿಗೆ ಅವನು ಗಂಟಲು ಸರಿಮಾಡಿಕೊಂಡು, ಕೆಳಗಿನ ತಿರುವಿನಲ್ಲಿ ಕರೆಂಟು ಕಂಬಗಳು ವಾಲಿವೆ ಎಂದು ಗೋಡೆಗೆ ಹೇಳುವವನಂತೆ ಹೇಳಿದ.

“ನೆಟ್ಟವರು ಕುಡಿದಿದ್ರೇನೋ,” ಎಂದರು ಮಾವ.

ನಾಲ್ಕು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಗೆರೆ ಮೂಡಿತು. ಅವಳು ಟೇಪು ತರುವಷ್ಟರಲ್ಲಿ ಮಾವ ಬಾಂಡ್ಲಿಯಲ್ಲಿ ಸಿಮೆಂಟು ಕಲೆಸಿದ್ದರು. ಮೂರನೆಯ ಸಲ ಅವಳು ಪೇಟೆಗೆ ಗುಂಡಿ, ನೂಲು ತರಲು ಹೋದ ಹೊತ್ತು ನೋಡಿ ಮುಚ್ಚಿದರು. ಅಳತೆ ಪುಸ್ತಕದಲ್ಲಿ ಅಳತೆ ನಿಂತುಹೋಗಿ, ಬರೀ ತಾರೀಖು ಉಳಿಯಿತು. ‘ಇಂದು ಮುಚ್ಚಿದರು.’ ‘ಇಂದೂ ಮುಚ್ಚಿದರು.’

ಅಷ್ಟರಲ್ಲಿ ಸುದ್ದಿ ಬೀದಿಗೆ ಹೋಯಿತು. ಮೊದಲು ಬಂದವನು ಮೂರನೇ ಮನೆಯ ಅಂಚೆಯಣ್ಣ. ಕಾಗದ ಹಂಚುವ ಕೆಲಸದಿಂದ ನಿವೃತ್ತನಾಗಿ, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇರುವವನು.

“ಮೇಸ್ತ್ರಿ, ನನ್ನ ಮಂಚದ ಪಕ್ಕದ ಗೋಡೇನೂ ಗೀರು ಬಿಟ್ಟಿದೆ. ಒಂಚೂರು ಕೈ ಆಡಿಸ್ತೀಯಾ?”

ಮಾವ ಕೈ ಆಡಿಸಿದರು. ಆಮೇಲೆ ಅದರ ಪಕ್ಕದ ಮನೆ, ಅದರೆದುರಿನ ಮನೆ, ಹೀಗೇ ಇಡೀ ಬೀದಿ. ಯಾರ ಕೈಯಿಂದಲೂ ಕಾಸು ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಬಾಂಡ್ಲಿ, ಕರಣೆ, ತೂಗುಗುಂಡು ಹಿಡಿದು ಹೊರಟರೆ, ಮಧ್ಯಾಹ್ನ ಮೊಣಕೈವರೆಗೆ ಬಿಳಿಯಾಗಿ ಬರುತ್ತಿದ್ದರು. ಆರು ವರ್ಷದಿಂದ ತಟ್ಟೆಯಲ್ಲಿ ಅನ್ನ ಕೆದಕುತ್ತಿದ್ದವರು ಈಗ ಎರಡನೇ ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. “ನೂರು ವರ್ಷ ಅಲ್ಲಾಡಲ್ಲ ಅಂದಿದೀನಿ,” ಎಂದು ಅತ್ತೆಗೆ ವರದಿ ಒಪ್ಪಿಸುವರು. ಅತ್ತೆ, “ಇವರಿಗೆ ಹರೆಯ ಬಂತು ಕಣೇ, ಇನ್ನು ಹೆಣ್ಣು ಹುಡುಕ್ಬೇಕು,” ಎಂದು ಸೊಸೆಯ ಕಿವಿಯಲ್ಲಿ ಹೇಳಿ ನಗುವರು. ಆ ನಗು ಕಂಡ ಮೇಲೆ ಸೊಸೆಗೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗುವಂತಾಗುತ್ತಿತ್ತು.

ನಾಲ್ಕನೆಯ ವಾರ ಹಿಂದಿನ ಕೋಣೆಯ ಬಾಗಿಲು ಬಿಗಿಯಿತು, ಅತ್ತೆ ಒಳಗಿರುವಾಗಲೇ. ಬಟ್ಟೆ ಮಡಚಲು ಹೋದವರು ಬಾಗಿಲು ದೂಡಿ ಮುಚ್ಚಿಕೊಂಡಿದ್ದರು. ಮತ್ತೆ ಎಳೆದರೆ ಬರಲೊಲ್ಲದು. ಒಳಗಿನಿಂದ ಮೊದಲು ಬೈಗುಳ, ಆಮೇಲೆ ತಮಾಷೆ, ಆಮೇಲೆ ಮೌನ. ಸೊಸೆ ಬಾಗಿಲಿಗೆ ಕಿವಿಯಿಟ್ಟಳು.

“ಅತ್ತೆ? ಅತ್ತೆ, ಮಾತಾಡಿ.”

“ಏನಂತ ಮಾತಾಡ್ಲಿ? ನಿಂತು ನಿಂತು ಕಾಲು ನಡುಗ್ತಾ ಇದೆ. ಕೂತರೆ ಏಳೋಕಾಗಲ್ಲ.”

ಗಂಡ ಹಾಲು ಇಳಿಸಿ ಬಂದವನು ಭುಜ ಕೊಟ್ಟು ಮೂರು ಸಲ ನೂಕಿದ ಮೇಲೆ ಬಾಗಿಲು ತೆರೆದುಕೊಂಡಿತು. ಅತ್ತೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಅವರನ್ನು ಮಂಚಕ್ಕೆ ಒರಗಿಸಿ ನೀರು ಕುಡಿಸುತ್ತಿದ್ದಂತೆ ಸರ್ ಸರ್ ಎಂದು ಸದ್ದು. ಮಾವ ಆಗಲೇ ಅರ ಹಿಡಿದು ಬಾಗಿಲಿನ ಅಂಚು ಉಜ್ಜುತ್ತಿದ್ದರು.

“ಅಪ್ಪ, ಅದನ್ನ ಕೆಳಗಿಡಿ,” ಎಂದ ಗಂಡ.

ಮಾವ ಉಜ್ಜುತ್ತಲೇ ಇದ್ದರು. “ಮರ ಉಬ್ಬಿದೆ.”

“ಕಡುಬೇಸಿಗೆಯಲ್ಲಿ ಮರ ಉಬ್ಬುತ್ತಾ? ನಾನೂ ಮೇಸ್ತ್ರಿ ಮಗ ಅಪ್ಪ, ಇಷ್ಟೂ ಗೊತ್ತಿಲ್ವಾ ನನಗೆ? ಚೌಕಟ್ಟು ಓರೆಯಾಗಿದೆ. ಮನೆ ತಿರುಗಿದೆ. ಇವತ್ತು ಅಮ್ಮ ಒಳಗಿದ್ಲು, ಬಿಸಿಲಿತ್ತು, ನಾನು ಬಂದೆ. ಮಳೇಲಿ ಯಾರು ಬರ್ತಾರೆ?”

“ನನ್ನ ಮನೆ ಬೇಡ ಅನ್ನಿಸಿದ್ರೆ ಹೆಂಡತಿ ಮಕ್ಕಳನ್ನ ಕಟ್ಕೊಂಡು ಹೋಗು. ನಾನು ಹಿಡ್ಕೊಂಡಿಲ್ಲ.”

“ಅಮ್ಮನ್ನ?”

“ಅವಳು ನನ್ನ ಹೆಂಡತಿ.”

ಅತ್ತೆ ಮಂಚದ ಮೇಲಿಂದಲೇ ಹೇಳಿದರು, “ಹೆಂಡತಿ ಹೌದು. ಗೋಡೆಗೆ ಹಾಕಿದ ಇಟ್ಟಿಗೆ ಅಲ್ಲ.”

ಅಂದಿನಿಂದ ಊಟ ಒಬ್ಬೊಬ್ಬರದೂ ಒಂದೊಂದು ಹೊತ್ತಿಗಾಯಿತು. ಗಂಡ ವ್ಯಾನಿನಲ್ಲೇ ಬುತ್ತಿ ಬಿಚ್ಚುತ್ತಿದ್ದ. ಮಾವ ತಾವೇ ಬಡಿಸಿಕೊಂಡು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದರು. ಬಾಗಿಲು ಮಾತ್ರ ಈಗ ಬೆರಳಲ್ಲಿ ಮುಟ್ಟಿದರೆ ಸಾಕು, ಸರಾಗವಾಗಿ ತೆರೆದುಕೊಳ್ಳುತ್ತಿತ್ತು.

ಐದನೆಯ ವಾರದ ಬುಧವಾರ ಇಂಜಿನಿಯರ್ ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಾಲಿಗೆ ಧೂಳು ಹಿಡಿದ ಬೂಟು, ಕೈಯಲ್ಲಿ ಪಟ್ಟಿ. ಹಿಂದಿನ ದಿನವೇ ಮಾವ ಐದನೆಯ ಸಲ ಬಿರುಕು ಮುಚ್ಚಿ, ಮೇಲೆ ಸುಣ್ಣ ಬಳಿದಿದ್ದರು. ಇಂಜಿನಿಯರ್ ಗೋಡೆ ತಟ್ಟಿ ನೋಡಿದರು, ಬಾಗಿಲು ತೆರೆದು ಮುಚ್ಚಿದರು. ಸೊಸೆ ಅಳತೆ ಪುಸ್ತಕ ಮುಂದಿಟ್ಟಳು. ಮಗಳು ಫೋನು ತೋರಿಸಿದಳು.

“ಈ ಫೋಟೋದಲ್ಲಿ ಇರೋದು ಕೂದಲೆಳೆ ಅಕ್ಕ. ಇಂಥದ್ದು ಎಲ್ಲರ ಮನೇಲೂ ಇರುತ್ತೆ,” ಎಂದರು ಇಂಜಿನಿಯರ್. “ಆಮೇಲಿನ ಅಳತೆ?”

“ತೆಗೆಯೋಕೆ ಆಗ್ಲಿಲ್ಲ. ಅಷ್ಟರಲ್ಲಿ...” ಸೊಸೆ ಮಾವನ ಕಡೆ ನೋಡಿದಳು. “ಬಾಗಿಲೂ ಬಿಗಿದಿತ್ತು ಮೇಡಂ. ನಮ್ಮತ್ತೆ ಒಳಗೆ ಸಿಕ್ಕಿಹಾಕಿಕೊಂಡಿದ್ರು.”

“ನಿಮ್ಮ ಮಾತು ಸುಳ್ಳು ಅಂತಿಲ್ಲ. ಆದ್ರೆ ಇರೋದು ಮೂವತ್ತು ಕೋಣೆ, ಕೇಳ್ತಿರೋದು ನೂರಾರು ಮನೆ. ಕಣ್ಣಿಗೆ ಕಾಣದೇ ಇರೋದನ್ನ ನಾನು ಬರೆದ್ರೂ ಮೇಲಿನವರು ಹೊಡೆದುಹಾಕ್ತಾರೆ.” ಅವರು ಮಾವನತ್ತ ತಿರುಗಿದರು. “ನಿಮ್ಮ ಕೈಯಾ ಮೇಸ್ತ್ರಿಗಳೇ, ಈ ಬೀದಿಯೆಲ್ಲ? ಇಡೀ ಇಳಿಜಾರಿನಲ್ಲಿ ಬಿರುಕೇ ಇಲ್ಲದ ಬೀದಿ ಇದೊಂದೇ. ಹನ್ನೊಂದಕ್ಕೆ ಹನ್ನೊಂದೂ ಗಟ್ಟಿ. ಈ ಬೀದೀನ ಪೂರ್ತಿ ಕೈಬಿಟ್ರೆ ಬೇರೆಯವರಿಗಾದ್ರೂ ಕೋಣೆ ಸಿಗುತ್ತೆ. ಮೇಲೆ ನೀರಿನ ಟ್ಯಾಂಕು ನೋಡ್ಕೊಂಡು ನಾಲ್ಕು ಗಂಟೆಗೆ ಬರ್ತೀನಿ, ಎಲ್ಲರೂ ಅಪಾಯ ಇಲ್ಲ ಅಂತ ರುಜು ಹಾಕಿಕೊಡಿ.”

ಮೆಚ್ಚಿಗೆಯ ಮಾತಿಗೆ ಮಾವ ತಲೆಯಾಡಿಸಬೇಕಿತ್ತು. ಆಡಿಸಲಿಲ್ಲ. ಇಂಜಿನಿಯರಿಗೆಂದು ತಂದ ಚಹಾದ ಲೋಟ ಅವರ ಕೈಯಲ್ಲೇ ಉಳಿಯಿತು.

ಇಂಜಿನಿಯರ್ ಮೇಲಿನ ದಾರಿ ಹಿಡಿದ ಮೇಲೆ ಮಗಳು ಬೆರಳು ಮಡಿಸುತ್ತ ಎಣಿಸತೊಡಗಿದಳು.

“ಅಂಚೆಯಣ್ಣ ಒಬ್ರು. ಪಕ್ಕದ ಮನೇಲಿ ಏಳು ಜನ. ಎದುರುಗಡೆ ಬಾಣಂತಿ, ಮಗು. ಎಲ್ಲ ಸೇರಿ ನಲವತ್ತಾರು ಜನ, ತಾತ.”

“ನಿನ್ನನ್ನ ಯಾರು ಎಣಿಸು ಅಂದ್ರು?” ಎಂದು ಸೊಸೆ ಗದರಿದಳು.

“ಎಣಿಸ್ಲಿ ಬಿಡು,” ಎಂದರು ಮಾವ. ಲೋಟ ಕೆಳಗಿಟ್ಟು ಹಿತ್ತಲಿಗೆ ನಡೆದರು. ಉಳಿ, ಸುತ್ತಿಗೆ ಹಿಡಿದು ಬಂದರು. “ಮಿಷನ್ ಸರಿಸು.”

ಸೊಸೆ ಯಂತ್ರ ಸರಿಸಿದಳು. ಮಾವ ನೆಲದ ಮೇಲೆ ಕೂತು, ನಿನ್ನೆಯಷ್ಟೇ ಬಳಿದ ಸುಣ್ಣದ ಮೇಲೆ ಉಳಿಯಿಟ್ಟು ಹೊಡೆದರು. ಮೊದಲ ಪೆಟ್ಟು ಮೆಲ್ಲಗಿತ್ತು, ಮಲಗಿದವರನ್ನು ಎಬ್ಬಿಸುವ ಹಾಗೆ. ಎರಡನೆಯದು ಹಾಗಿರಲಿಲ್ಲ. ಗಾರೆ ಪದರ ಪದರವಾಗಿ ಕಳಚಿತು. ಬಿರುಕಿನ ಎರಡೂ ಅಂಚಿನಿಂದ ನಡುವಿಗೆ ಐದು ಪದರ. ಸಲಕ್ಕೊಂದು ಮರಳು, ಸಲಕ್ಕೊಂದು ಸಿಮೆಂಟು, ಹಾಗಾಗಿ ಒಂದೊಂದಕ್ಕೂ ಒಂದೊಂದು ಬಣ್ಣ. ಮೊದಲಿನದು ದಾರದಷ್ಟು. ಎರಡನೆಯದು ಗುಂಡಿಯಷ್ಟು ದಪ್ಪ. ನಿನ್ನೆಯದು ಬೆರಳಷ್ಟು.

ಮಾವ ಪದರದ ಮೇಲೆ ಹೆಬ್ಬೆರಳು ಆಡಿಸಿದರು. “ಮೊದಲನೇ ಸಲ ಕರಣೆ ತುದಿಯಷ್ಟು ಹಿಡೀತು. ನಿನ್ನೆ ಅರ್ಧ ಬಾಂಡ್ಲಿ ನುಂಗ್ತು. ಇನ್ನೂ ಬೇಕು ಅಂತಿತ್ತು.” ಸೊಸೆಗೆ, “ಟೇಪು ಹಿಡಿ,” ಎಂದರು.

ಸೊಸೆ ಟೇಪು ಹಿಡಿದಳು. ಮಗಳು ಪದರಪದರಕ್ಕೂ ಫೋಟೋ ತೆಗೆದಳು. ಒಟ್ಟು ಮೂವತ್ತೊಂದು ಮಿಲಿಮೀಟರ್. ಪುಸ್ತಕದ ತಾರೀಖುಗಳ ಎದುರು ಖಾಲಿ ಬಿದ್ದಿದ್ದ ಜಾಗಗಳು ಒಂದೊಂದಾಗಿ ತುಂಬಿದವು. ಬೆರಳು ತೂರುವ ಸಂದಿನಿಂದ ಹಿತ್ತಲಿನ ಬಿಸಿಲು ಒಳಗೆ ಬಂದು ಮಾವನ ಮೊಣಕಾಲ ಮೇಲೆ ಬಿತ್ತು. ಅತ್ತೆ ಬಂದು ಗೋಡೆಯನ್ನೂ ನೋಡಿದರು, ಮಾವನನ್ನೂ ನೋಡಿದರು. ಸೆರಗಿನಿಂದ ಅವರ ತಲೆಯ ಧೂಳು ಕೊಡವಿದರು.

ಮಾವ ಎದ್ದರು. “ಗಂಟೆ ಎಷ್ಟು?”

“ಎರಡೂವರೆ.”

“ಹತ್ತು ಮನೆ ಆಗಲ್ಲ. ಆದಷ್ಟು ಆಗ್ಲಿ. ಆ ಇಂಜಿನಿಯರ್ ಹುಡುಗಿ ಟ್ಯಾಂಕಿನ ಹತ್ರ ಇದ್ರೆ ಮೊಮ್ಮಗಳನ್ನ ಓಡಿಸು, ರುಜು ಈಗಲೇ ಬೇಡ ಅಂತ ಹೇಳಿ ಬರ್ಲಿ. ನೀನು ಟೇಪು ತಗೊಂಡು ನನ್ನ ಜೊತೆ ಬಾ.”

ಮೊದಲು ಹೋದದ್ದು ಅಂಚೆಯಣ್ಣನ ಮನೆಗೆ. ಅವನು ಊಟ ಮುಗಿಸಿ ಮಂಚದ ಮೇಲೆ ಕಾಲು ಚಾಚಿದ್ದ. ಉಳಿ ಕಂಡು ಎದ್ದು ಕೂತ.

“ಇದೇನು ಮೇಸ್ತ್ರಿ?”

“ಗೋಡೆ ಒಡೀಬೇಕು.”

“ಯಾವ ಗೋಡೆ? ಇದಾ? ಹದಿನೈದು ದಿನ ಆಗಿಲ್ಲ ನೀನು ಮುಚ್ಚಿ! ನೂರು ವರ್ಷ ಅಲ್ಲಾಡಲ್ಲ ಅಂದೆ. ನಾನು ನಿನ್ನ ಮಾತು ನಂಬಿ ಇದರ ಪಕ್ಕದಲ್ಲೇ ಮಲಗ್ತಾ ಇದೀನಿ.”

“ಅಂದಿದ್ದೆ.”

“ಮತ್ತೆ? ಆಗ ಗೊತ್ತಿರಲಿಲ್ವಾ ನಿನಗೆ?”

ಸೊಸೆ ಬಾಗಿಲಲ್ಲೇ ನಿಂತಳು. ಗೊತ್ತಿರಲಿಲ್ಲ ಎಂದುಬಿಟ್ಟರೆ ಸಾಕಿತ್ತು, ಯಾರೂ ಮರುಮಾತಾಡುತ್ತಿರಲಿಲ್ಲ. ಮಾವ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

“ಕೈಗೆ ಗೊತ್ತಾಗಿತ್ತು,” ಎಂದರು. “ಬಾಯಿಗೆ ಬರಲಿಲ್ಲ.”

ಅಂಚೆಯಣ್ಣ ಬೈಯುತ್ತಾನೆ ಎಂದುಕೊಂಡಳು ಸೊಸೆ. ಬೈಯಲು ಬಾಯಿ ತೆರೆದವನು ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿ, ದಿಂಬನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಮಂಚದಿಂದ ಇಳಿದು ಅದರ ಒಂದು ತುದಿ ಹಿಡಿದ.

“ಒಬ್ಬನ ಕೈಯಲ್ಲಿ ಆಗಲ್ಲಮ್ಮ, ಆ ಕಡೆ ಹಿಡ್ಕೋ.”

ಸೊಸೆ ಟೇಪನ್ನು ಕೊರಳಿಗೆ ಹಾಕಿಕೊಂಡು ಇನ್ನೊಂದು ತುದಿ ಹಿಡಿದಳು.